ಬೇಲಿಯೇ ಹೊಲ ಮೇಯುವ ಕಾಯಿಲೆ

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆಯಲ್ಲಿ ರಕ್ತದ ಎಳೆ ಕಂಡರೆ ನೀವೇನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರು ನೀರು ಹೊಯ್ದು ತೊಳೆದು ಅಡುಗೆಮನೆಗೆ ನಡೆಯುತ್ತೇವೆ. ಮಕ್ಕಳ ಶಾಲೆ, ಗಂಡನ ಬುತ್ತಿ, ಅತ್ತೆಯ ಮಾತ್ರೆ ಇವುಗಳ ನಡುವೆ ನೋವಿಲ್ಲದ ಕಾಯಿಲೆಗೆ ಸರದಿ ಬರುವುದೇ ಇಲ್ಲ. ಕೆಲವರಂತೂ ರಕ್ತ ಬರುವ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟುಬಿಡುತ್ತಾರೆ. ಕೆಲವು ವರ್ಷಗಳ ನಂತರ, ಒಂದಿಷ್ಟೂ ಹುಳುಕಿಲ್ಲದ ಗಟ್ಟಿ ಹಲ್ಲು ಅಲುಗಾಡತೊಡಗುತ್ತದೆ. ಆಗ "ವಯಸ್ಸಾಯಿತಲ್ಲ" ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಸಹೋದರಿಯರೇ, ಹಲ್ಲು ಕೀಳುವುದು ವಯಸ್ಸಲ್ಲ. ವಸಡಿನ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 100 ಕೋಟಿ ಮಂದಿಗೆ ತೀವ್ರ ವಸಡಿನ ಕಾಯಿಲೆಯಿದೆ. ನಮ್ಮ ಹಿರಿಯರು ಪಯೋರಿಯಾ ಎನ್ನುತ್ತಿದ್ದುದು ಇದನ್ನೇ. ಇದರಲ್ಲಿ ಹಲ್ಲಿನ ಬುಡವನ್ನು ಕೆಡವುವುದು ಹೊರಗಿನ ಶತ್ರು ಮಾತ್ರವಲ್ಲ, ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೂ ಅದರಲ್ಲಿ ಸೇರಿವೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನ್ಯೂಟ್ರೋಫಿಲ್ ಎಂಬ ಕಣಗಳದ್ದು. ಆರೋಗ್ಯವಂತರ ಬಾಯಲ್ಲೂ ಇವು ರಕ್ತನಾಳದಿಂದ ಹೊರಬಂದು ಹಲ್ಲು ಮತ್ತು ವಸಡಿನ ನಡುವಿನ ಸಂದಿಯಲ್ಲಿ ಕಾವಲು ನಿಲ್ಲುತ್ತವೆ. ರೋಗಾಣು ಸಿಕ್ಕಿದರೆ ನುಂಗಿ ಕೊಲ್ಲುತ್ತವೆ. ಹಲ್ಲನ್ನು ಸರಿಯಾಗಿ ಉಜ್ಜದಿದ್ದರೆ ರೋಗಾಣುಗಳು ಪಾಚಿಯಂತೆ ಪದರಗಟ್ಟಿ, ದಿನ ಕಳೆದಂತೆ ಕಲ್ಲಾಗುತ್ತವೆ. ಕಲ್ಲಿನ ಮೇಲೆ ಮತ್ತೆ ಪಾಚಿ ಕೂರುತ್ತದೆ. ಈ ಪದರವನ್ನು ನುಂಗಲು ನ್ಯೂಟ್ರೋಫಿಲ್‌ಗೆ ಸಾಧ್ಯವಾಗುವುದಿಲ್ಲ. ಆಗ ಅದು ತನ್ನೊಳಗಿನ ಕಿಣ್ವಗಳನ್ನು ಹೊರಗೆ ಚೆಲ್ಲುತ್ತದೆ. ತನ್ನದೇ ಡಿಎನ್‌ಎಯನ್ನು ಬಲೆಯಂತೆ ಬೀಸುತ್ತದೆ. ಈ ಬಲೆಯನ್ನು ಬರ್ಲಿನ್‌ನ ವಿಜ್ಞಾನಿಗಳು 2004ರಲ್ಲಿ ಗುರುತಿಸಿದರು. ಹೊರಬಿದ್ದ ಕಿಣ್ವಕ್ಕೆ ರೋಗಾಣು ಯಾವುದು, ನಮ್ಮ ಮಾಂಸ ಯಾವುದು ಎಂಬ ಭೇದ ತಿಳಿಯದು. ಹಲ್ಲನ್ನು ಮೂಳೆಗೆ ಬಿಗಿದಿರುವ ನಾರುಗಳನ್ನೂ ಅದು ಕತ್ತರಿಸುತ್ತದೆ. ಸಹಾಯಕ್ಕೆ ಬನ್ನಿ ಎಂದು ಈ ಕಣಗಳು ಕಳಿಸುವ ರಾಸಾಯನಿಕ ಕರೆಗೆ ಇನ್ನಷ್ಟು ಕಣಗಳು ಬಂದು ಸೇರುತ್ತವೆ. ಉರಿಯೂತ ಹೆಚ್ಚಾಗಿ, ಮೂಳೆ ಕರಗಿಸುವ ಕಣಗಳೂ ಎಚ್ಚರಗೊಳ್ಳುತ್ತವೆ. ವಸಡಿನಿಂದ ಬರುವ ಕೀವಿನಲ್ಲಿ ಇರುವುದು ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹಾಗಾದರೆ ಈ ಕಣಗಳೇ ನಮ್ಮ ಶತ್ರುಗಳೇ? ಖಂಡಿತ ಅಲ್ಲ. ಹುಟ್ಟಿನಿಂದಲೇ ನ್ಯೂಟ್ರೋಫಿಲ್ ತೀರಾ ಕಡಿಮೆ ಇರುವ ಮಕ್ಕಳು ಎಳೆಯ ವಯಸ್ಸಿನಲ್ಲೇ ಹಲ್ಲು ಕಳೆದುಕೊಳ್ಳುವುದುಂಟು. ಕಾವಲು ಇಲ್ಲದಿದ್ದರೂ ಕಷ್ಟ, ಅತಿಯಾದರೂ ಕಷ್ಟ.

"ಅವರ ಹಲ್ಲು ನನ್ನದಕ್ಕಿಂತ ಕೊಳಕು, ಆದರೂ ಗಟ್ಟಿಯಾಗಿದೆ" ಎಂದು ಕೆಲವರು ಕೇಳುತ್ತಾರೆ. ಉತ್ತರ ಪಕ್ಕದ ಶ್ರೀಲಂಕಾದಲ್ಲಿದೆ. ಅಲ್ಲಿನ ಚಹಾ ತೋಟದ 480 ಕಾರ್ಮಿಕರನ್ನು 1970ರಿಂದ 15 ವರ್ಷಗಳ ಕಾಲ ಪರೀಕ್ಷಿಸಲಾಯಿತು. ಅವರಿಗೆ ಹಲ್ಲುಜ್ಜುವ ರೂಢಿಯಾಗಲಿ, ದಂತ ಚಿಕಿತ್ಸೆಯಾಗಲಿ ಇರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ ಮತ್ತು ಕಲ್ಲು. ಆದರೂ ಶೇಕಡ 8ರಷ್ಟು ಮಂದಿಯಲ್ಲಿ ಕಾಯಿಲೆ ವೇಗವಾಗಿ ಬೆಳೆಯಿತು, ಶೇಕಡ 81ರಷ್ಟು ಮಂದಿಯಲ್ಲಿ ಸಾಧಾರಣವಾಗಿ ಬೆಳೆಯಿತು, ಶೇಕಡ 11ರಷ್ಟು ಮಂದಿಯಲ್ಲಿ ವಸಡು ಊದಿದ್ದಷ್ಟೇ, ಮುಂದುವರಿಯಲಿಲ್ಲ. ಕೊಳೆ ಒಂದೇ, ಆದರೆ ಅದಕ್ಕೆ ಒಬ್ಬೊಬ್ಬರ ದೇಹ ತೋರುವ ಪ್ರತಿಕ್ರಿಯೆ ಬೇರೆ ಬೇರೆ. ಆದ್ದರಿಂದ ಪಕ್ಕದ ಮನೆಯವರ ಬಾಯಿ ನೋಡಿ ನಾವು ಧೈರ್ಯ ತಂದುಕೊಳ್ಳುವಂತಿಲ್ಲ.

ಸಕ್ಕರೆ ಕಾಯಿಲೆ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು. ರಕ್ತದಲ್ಲಿ ಸಕ್ಕರೆ ಏರಿದಾಗ ನ್ಯೂಟ್ರೋಫಿಲ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಕೆರಳುವುದು ಮಾತ್ರ ಹೆಚ್ಚು. ಅತ್ತ ವಸಡಿನ ಉರಿಯೂತವು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡಿ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ವಸಡಿಗೆ ಚಿಕಿತ್ಸೆ ಪಡೆದವರಲ್ಲಿ ಮೂರು ನಾಲ್ಕು ತಿಂಗಳ ನಂತರ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದಿರುವುದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಕೊಳ್ಳಲಾಗಿದೆ. ಮಾತ್ರೆ ಬಿಡಬಹುದು ಎಂದು ಇದರ ಅರ್ಥವಲ್ಲ. ಮಾತ್ರೆಯ ಜೊತೆಗೆ ಬಾಯಿಯನ್ನೂ ನೋಡಿಕೊಳ್ಳಬೇಕು ಎಂದರ್ಥ. ಬೀಡಿ, ಸಿಗರೇಟು ಸೇದುವ ಗಂಡಸರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ಅದು ಆರೋಗ್ಯದ ಲಕ್ಷಣವಲ್ಲ, ಹೊಗೆ ಕಾಯಿಲೆಯನ್ನು ಮುಚ್ಚಿಡುತ್ತದೆ ಅಷ್ಟೆ.

ಹಾಗಾದರೆ ಏನು ಮಾಡಬೇಕು? ಕಣಗಳ ಜಗಳ ನಿಲ್ಲಬೇಕಾದರೆ ಜಗಳದ ಕಾರಣವನ್ನು ತೆಗೆಯಬೇಕು. ರಕ್ತ ಬಂದರೂ ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಬಾರಿ ಉಜ್ಜಿ. ಮಿಸ್ವಾಕ್ ಬಳಸುವವರು ಬಳಸಲಿ, ಬಹಳ ಒಳ್ಳೆಯದು. ಆದರೆ ಮಿಸ್ವಾಕ್ ಆಗಲಿ, ಬ್ರಷ್ ಆಗಲಿ ಎರಡು ಹಲ್ಲುಗಳ ಸಂದಿಗೆ ಇಳಿಯುವುದಿಲ್ಲ. ಅದಕ್ಕೆ ಹಲ್ಲಿನ ದಾರ ಅಥವಾ ಸಂದಿಯ ಸಣ್ಣ ಬ್ರಷ್ ಬೇಕು. ಕಾಯಿಲೆ ವಸಡಿನಲ್ಲಷ್ಟೇ ಇದ್ದರೆ ಒಂದೆರಡು ವಾರಗಳಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ದಂತ ವೈದ್ಯರಲ್ಲಿಗೆ ಹೋಗಲೇಬೇಕು. ಮೆಡಿಕಲ್ ಅಂಗಡಿಯಿಂದ ನೀವೇ ತಂದು ನುಂಗುವ ಮಾತ್ರೆಯಿಂದ ಕಲ್ಲು ಕರಗುವುದಿಲ್ಲ.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ಮಾತನ್ನು ತಿಲಕನಗರ, ಗುರಪ್ಪನಪಾಳ್ಯ, ಯಾರಬ್ ನಗರದಂತಹ ಬಡಾವಣೆಗಳ ಮನೆಗಳಲ್ಲಿ ಈಗಲೂ ಕೇಳಬಹುದು. ಇದು ತಪ್ಪು ತಿಳಿವಳಿಕೆ. ಮೂಳೆ ಮೊದಲೇ ಕರಗಿರುತ್ತದೆ, ಹಲ್ಲನ್ನು ಅಷ್ಟು ದಿನ ಹಿಡಿದಿದ್ದುದು ಕಲ್ಲು. ಅದನ್ನು ತೆಗೆದಾಗ ಸತ್ಯ ಗೊತ್ತಾಗುತ್ತದೆ. ಊತ ಇಳಿದು ವಸಡು ಬಿಗಿಯಾದಂತೆ ಅಲುಗಾಟ ಕಡಿಮೆಯಾಗುವುದೂ ಉಂಟು. ಆದರೆ ಕರಗಿದ ಮೂಳೆ ತಾನಾಗಿ ಹಿಂದಿನಂತೆ ಬೆಳೆಯುವುದಿಲ್ಲ. ಬೇಗ ಹೋಗಬೇಕು ಎನ್ನುವುದು ಇದಕ್ಕೇ.

ಖರ್ಚಿನ ಭಯ ಬೇಡ. ಜೆ.ಪಿ. ನಗರದ ಆರ್.ವಿ. ದಂತ ಕಾಲೇಜು, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ದಂತ ಕಾಲೇಜು, ಕೋಟೆಯ ಬಳಿಯ ಸರಕಾರಿ ದಂತ ಕಾಲೇಜು ಇವುಗಳಲ್ಲಿ ವಸಡಿನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಖಾಸಗಿ ಕ್ಲಿನಿಕ್‌ಗಿಂತ ಅಲ್ಲಿ ಸಾಮಾನ್ಯವಾಗಿ ಶುಲ್ಕ ಕಡಿಮೆ. ಸಕ್ಕರೆ ಕಾಯಿಲೆ ಇರುವುದನ್ನೂ, ಗರ್ಭಿಣಿಯಾಗಿದ್ದರೆ ಅದನ್ನೂ ವೈದ್ಯರಿಗೆ ಮೊದಲೇ ತಿಳಿಸಿ. ಗರ್ಭಿಣಿಯರಿಗೂ ವಸಡಿನ ಶುಚಿ ಚಿಕಿತ್ಸೆ ಮಾಡಬಹುದು.

ಮನೆಯವರೆಲ್ಲರ ಆರೋಗ್ಯ ನೋಡಿಕೊಳ್ಳುವ ನೀವು ನಾಳೆ ಬೆಳಿಗ್ಗೆ ನಿಮ್ಮ ನೊರೆಯ ಬಣ್ಣವನ್ನೂ ಒಮ್ಮೆ ನೋಡಿ. ಜೊತೆಗೆ, "ಅಮ್ಮಾ, ನಿಮ್ಮ ವಸಡಿನಲ್ಲಿ ರಕ್ತ ಬರುತ್ತದೆಯೇ?" ಎಂದು ಮನೆಯ ಹಿರಿಯರನ್ನು ಕೇಳಿ. ಅವರಾಗಿಯೇ ಹೇಳಲಾರರು.