ಕೂರಿಗೆ ಹುಟ್ಟಿಸಿದವನ ಹೆಸರೇನು?

ಬೀಳಗಿ ಸೀಮೆಯ ಎರಿ ಹೊಲದಲ್ಲಿ ಹಿಂಗಾರಿ ಬಿತ್ತಿಗೆ ಕಂಡವರಿಗೆ ಗೊತ್ತು. ಕೂರಿಗೆಯ ಹಿಂದೆ ಹೆಣ್ಣುಮಗಳು ನಡೆಯುತ್ತಾಳೆ. ಉಡಿಯಲ್ಲಿ ಬಿಳಿಜೋಳ. ಮುಷ್ಟಿ ಸಡಿಲಿದಷ್ಟೇ ಕಾಳು ಬಟ್ಟಲಿಗೆ, ಬಟ್ಟಲಿನಿಂದ ಬಿದಿರ ಕೊಳವೆಗೆ, ಕೊಳವೆಯಿಂದ ಹಸಿ ಮಣ್ಣಿಗೆ. ದಟ್ಟವಾದರೆ ಬೆಳೆ ಸೊರಗುತ್ತದೆ, ತೆಳುವಾದರೆ ಹೊಲ ಬೋಳು. ಆ ಲೆಕ್ಕವೆಲ್ಲ ಅವಳ ಬೆರಳಲ್ಲಿದೆ.

ಅವಳ ಮಗ ಸಾಲಿಯಲ್ಲಿ ಏನು ಬಾಯಿಪಾಠ ಮಾಡುತ್ತಾನೆ? ಬಿತ್ತುವ ಯಂತ್ರ ಕಂಡುಹಿಡಿದವನು ಇಂಗ್ಲೆಂಡಿನ ಜೆತ್ರೊ ಟಲ್, 1701!

ಟಲ್ ಜಾಣ, ಒಪ್ಪಿದೆ. ಗಾಲಿ ತಿರುಗಿದಂತೆ ಕಾಳು ಉದುರಿಸುವ ಪೆಟ್ಟಿಗೆ ಮಾಡಿದ, ಪುಸ್ತಕ ಬರೆದ, ಹೆಸರು ಉಳಿಯಿತು. ಆದರೆ 1790ರ ದಶಕದಲ್ಲಿ ಕ್ಯಾಪ್ಟನ್ ಹಾಲ್ಕಾಟ್ ಎಂಬವನು ದಕ್ಷಿಣ ಭಾರತದ ಹೊಲವೊಂದರಲ್ಲಿ ದಾರ ಹಿಡಿದಂತಿದ್ದ ಸಾಲು ಕಂಡು ಬೆರಗಾದ. ಸಾಲುಬಿತ್ತಿಗೆ ಯುರೋಪಿನ ಹೊಸ ಶೋಧವೆಂದು ನಂಬಿದ್ದವನು, ಇಲ್ಲಿಯ ರೈತರಿಗೆ ಅದು ಹಳೆಯ ರೂಢಿ ಎಂದು ಬ್ರಿಟನ್ನಿನ ಕೃಷಿ ಮಂಡಳಿಗೆ ಬರೆದ. ಇತಿಹಾಸಕಾರ ಧರ್ಮಪಾಲರು ಆ ಪತ್ರವನ್ನು 1971ರಲ್ಲೇ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ನಮಗೆ ಮಾತ್ರ ಇನ್ನೂ ಟಲ್ ಒಬ್ಬನೇ ಬಾಯಿಗೆ ಬರುತ್ತಾನೆ.

ಪರದೇಶಿಯನ್ನು ಬೈದು ಕೈತೊಳೆದುಕೊಳ್ಳಬೇಡಿ. ಹೆಸರು ಅಳಿಸಿದವರು ಅಕ್ಷರ ಹಿಡಿದ ನಾವೇ. ಕೂರಿಗೆಯ ದಿಂಡು ಕೊರೆದ ಬಡಿಗ, ಅದರ ಕುಡ ಬಡಿದ ಕಮ್ಮಾರ ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯದ ಕಾಳಿಗೆ ಸೆರಗೊಡ್ಡಿದರು. ಅವರ ಶೋಧಕ್ಕೆ ಜಾತಿಕಸುಬು ಎಂದು ಹೆಸರಿಟ್ಟು ಮುಗಿಸಿದೆವು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಲ್ಲಿ ಈ ಸೀಮೆಯ ಎರಿ ಹೊಲ ಮುಳುಗಿದಾಗ ನೆಲಕ್ಕೆ ಪರಿಹಾರ ಎಣಿಸಿದೆವು. ಬಡಿಗನ ಕೈಗೆ ಯಾವ ದರ ಹಚ್ಚಿದೆವು?

ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬೀಜ, ಗೊಬ್ಬರ ಎರಡನ್ನೂ ಒಟ್ಟಿಗೆ ಬಿತ್ತುವ, ಟ್ರ್ಯಾಕ್ಟರ್ ಎಳೆಯುವ ಕೂರಿಗೆ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಕೈಕೆಲಸದವನೊಬ್ಬನಿಗಾದರೂ ಹೆಸರು ದಕ್ಕಿತಲ್ಲ, ಸಂತೋಷ. ಆದರೆ ಇಂದು ಯಂತ್ರದ ಗಾಲಿ ಅಳೆದು ಹಾಕುವ ಕಾಳನ್ನು ಎಷ್ಟೋ ತಲೆಮಾರು ಅಳೆದು ಹಾಕಿದ ಆ ಮುಷ್ಟಿಗೆ ಏನು ಸಿಕ್ಕಿತು? ಗಾಲಿ ಮಾಡಿದರೆ ತಂತ್ರಜ್ಞಾನ, ಹೆಂಗಸು ಮಾಡಿದರೆ ದಿನಗೂಲಿ!

ಮಾಸ್ತರರೇ, ಟಲ್‌ನ ಪಾಠ ಧಾರಾಳವಾಗಿ ಮಾಡಿ. ಅದಕ್ಕೂ ಮೊದಲು ಮಕ್ಕಳನ್ನು ಊರ ಬಡಿಗನ ಅಂಗಳಕ್ಕೆ ಕರೆದೊಯ್ಯಿರಿ. ಬಿತ್ತಲು ಹೋಗುವ ಅವ್ವನನ್ನೂ ಒಂದು ದಿನ ಸಾಲಿಗೆ ಕರೆಯಿರಿ, ಕುರ್ಚಿ ಕೊಡಿ. ಹೆಸರು ಕೇಳಿ ಹಲಗೆಯ ಮೇಲೆ ಬರೆಯಿರಿ. ಟಲ್‌ನ ಹೆಸರಿಗಿಂತ ಮೇಲೆ ಬರೆಯಿರಿ.