ಉದ್ಯೋಗವಿಲ್ಲದ್ದಕ್ಕೆ ಕನ್ನಡ ಹೊಣೆಯೇ?

ಕಾಸರಗೋಡಿನ ಹೆತ್ತವರೇ, ‘ಕನ್ನಡ ಮಾಧ್ಯಮದಲ್ಲಿ ಓದಿದರೆ ಉದ್ಯೋಗವೆಲ್ಲಿ?’ ಎಂದು ಕೇಳುತ್ತೀರಿ. ಮಲಯಾಳ, ಇಂಗ್ಲಿಷ್ ಬಲ್ಲವರಿಗೆಲ್ಲ ಇಲ್ಲಿ ಉದ್ಯೋಗವಿದ್ದಿದ್ದರೆ ಕೇರಳದ ತರುಣರು ಕೊಲ್ಲಿ ರಾಷ್ಟ್ರಗಳಿಗೆ ಏಕೆ ಹೋಗುತ್ತಿದ್ದರು? ನಮ್ಮ ದೇಶದಲ್ಲಿ ನಿರಕ್ಷರಿಗಳಿಗಿಂತ ಪದವೀಧರರಲ್ಲಿಯೇ ನಿರುದ್ಯೋಗದ ಪ್ರಮಾಣ ಹೆಚ್ಚು. ಓದಿದವರ ಸಂಖ್ಯೆಗೆ ತಕ್ಕಂತೆ ಉದ್ದಿಮೆಗಳು ಬೆಳೆಯಲಿಲ್ಲ. ಮೂಲ ಅಲ್ಲಿದೆ, ಭಾಷೆಯಲ್ಲಲ್ಲ.

ಇನ್ನು ಪರಿಣಾಮವನ್ನು ನೋಡಿ. ಮಕ್ಕಳ ಸಂಖ್ಯೆ ಇಳಿದರೆ ಡಿವಿಜನ್ ನಷ್ಟ. ಡಿವಿಜನ್ ಹೋದರೆ ಅಧ್ಯಾಪಕ ಹುದ್ದೆಯೂ ನಷ್ಟ. ಕನ್ನಡ ಬಲ್ಲವರಿಗೆ ಮೀಸಲಾದ ಹುದ್ದೆಗೆ ಕನ್ನಡವರಿಯದವರು ಬಂದಾಗ ಪ್ರತಿಭಟಿಸಿದ ನಾವು, ಆ ಹುದ್ದೆಯನ್ನೇ ನಮ್ಮ ಕೈಯಾರೆ ಅಳಿಸುವುದು ಯಾವ ನ್ಯಾಯ? ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿಯೂ ಮಕ್ಕಳಿಲ್ಲದ ತರಗತಿಯನ್ನು ಉಳಿಸಲಾರದು. ಮಲಯಾಳವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಸಿರೆಂದು ಶಾಲೆಯನ್ನು ಒತ್ತಾಯಿಸಿರಿ. ಕನ್ನಡ ತರಗತಿಯನ್ನು ಬರಿದುಮಾಡದಿರಿ.