ಸೆಲ್ಫ್ ಕೇಟರಿಂಗ್ ಅಂದ್ರ ಆ ‘ಸೆಲ್ಫ್’ ಯಾರು?

ಇಂಗ್ಲೆಂಡ್, ವೇಲ್ಸ್ ಕಡೆ ರಜಾಕ್ಕ ಹೋಗೋರು ಹೋಟೆಲ್ ಬಿಟ್ಟು ‘ಸೆಲ್ಫ್ ಕೇಟರಿಂಗ್ ಲಾಡ್ಜ್’ ಅಂತ ಹಿಡೀತಾರ. ನಮ್ಮ ಕಡೆ ಲಾಡ್ಜ್ ಅಂದ್ರ ಬಸ್‌ಸ್ಟ್ಯಾಂಡ್ ಮುಂದಿನ ಖೋಲಿ. ಅಲ್ಲಿ ಹಂಗಲ್ಲ. ಕಟಗೀ ಮನಿ, ಎರಡೋ ಮೂರೋ ಮಲಗೋ ಖೋಲಿ, ಹೊರಗ ಕೂಡಲಿಕ್ಕೆ ಕಟ್ಟಿಯಂಥಾ ಜಾಗಾ, ಒಳಗ ಪೂರಾ ಅಡಗಿಮನಿ. ಒಲಿ, ಫ್ರಿಜ್, ಪಾತ್ರೆ, ತಾಟು ಎಲ್ಲಾ ಇರ್ತಾವ. ಕೀಲಿ ಕೊಟ್ಟ ಮ್ಯಾಲ ಬಿಡೋ ದಿನದ ತನಕ ನಿಮ್ಮನ್ನ ಯಾರೂ ಕೇಳೂದಿಲ್ಲ. ನಿಮ್ಮ ಊಟ ನೀವ ಮಾಡ್ಕೊಳ್ರಿ ಅನ್ನೋದೇ ಆ ಹೆಸರಿನ ಅರ್ಥ. ನನ್ನ ತಕರಾರು ಇರೋದು ಆ ‘ನೀವು’ ಅನ್ನೋ ಶಬ್ದದ ಮ್ಯಾಲ.

ಮೊದಲ ಹೇಳಿಬಿಡ್ತೀನಿ, ನನಗ ಈ ಪದ್ಧತಿ ಭಾಳ ಪಸಂದ ಅದ. ನಮ್ಮಂಥಾ ಶಾಕಾಹಾರಿ ಮಂದಿಗೆ ಹಳ್ಳಿಕಡೆ ಪಬ್ಬಿನ್ಯಾಗ ಒಂದ್ ಹೊತ್ತು ಚಿಪ್ಸ್ ಆದ್ರ ಇನ್ನೊಂದ್ ಹೊತ್ತೂ ಚಿಪ್ಸೇ. ನಾಕ ದಿನ ಅದನ್ನ ತಿಂದ್ರ ಹೊಟ್ಟಿ ಏನಾಗಬೇಕು? ಮುಂಜಾನೆದ್ದು ನಮ್ಮ ಚಹಾ, ರಾತ್ರಿ ಬಿಸಿ ಅನ್ನ-ಸಾರು, ಅಷ್ಟಿದ್ರ ಸಾಕು.

ಹೋದ ಜೂನ್‌ದಾಗ ನಾವು ಬ್ರಿಸ್ಟಲ್‌ದಾಗಿರೋ ಮಗನ ಮನಿಗೆ ಹೋದಾಗ, ಎಲ್ಲಾರೂ ಕೂಡಿ ವೇಲ್ಸಿನ ಪೆಂಬ್ರೋಕ್‌ಶೈರ್‌ಗೆ ಐದು ದಿನ ಹೋಗಿದ್ವಿ. ಸೆವರ್ನ್ ಸೇತುವೆ ದಾಟಿದ್ರ ವೇಲ್ಸ್ ಸುರು. ಆ ಸಮುದ್ರದಂಡಿ 1952ರಿಂದ ರಾಷ್ಟ್ರೀಯ ಉದ್ಯಾನ. ದಂಡಿಗುಂಟ ಗುಡ್ಡದ ಅಂಚಿನ್ಯಾಗ ನಡಕೊಂಡು ಹೋಗೋ ದಾರಿ ಅದ, 1970ರಾಗ ತಗದದ್ದು, 186 ಮೈಲಿ. ನನ್ನ ಮೊಣಕಾಲಿಗೆ ಎರಡು ಮೈಲಿ ಸಾಕಾತು. ಒಂದ್ ಕಡೆ ಹಸಿರು ಹೊಲ, ಕುರಿ, ಇನ್ನೊಂದ್ ಕಡೆ ಕೆಳಗ ಸಮುದ್ರ. ಮುಂಜಾನೆ ನಾವು ಓಡ್ಯಾಡಿದ ಮರಳು ಮಧ್ಯಾಹ್ನ ನೀರಿನ್ಯಾಗ! ಭರತಿ-ಇಳತ ಅಷ್ಟು ಜೋರು. ಸೂರ್ಯ ರಾತ್ರಿ ಒಂಬತ್ತೂವರಿ ತನಕ ಮುಳುಗೂದಿಲ್ಲ.

ಇಂಥಾ ಸಂಜೀಮುಂದ ನನ್ನ ಸೊಸಿ ಎಲ್ಲಿದ್ದಳು? ಒಲಿ ಮುಂದ. ಮಗ, ನಮ್ಮ ಯಜಮಾನ್ರು, ಮೊಮ್ಮಗಳು ಹೊರಗ ಕೂತು ಕಡಲ ಹಕ್ಕಿ ನೋಡಾಕತ್ತಿದ್ರು. ಆಕಿ ಆಫೀಸಿಗೆ ಹೋಗೋ ಹುಡುಗಿ, ವರ್ಷದ ರಜಾದಾಗಿಂದು ಐದು ದಿನ ಕಡದು ಬಂದಾಳ. ಆ ಐದು ದಿನಾನೂ ಉಳ್ಳಾಗಡ್ಡಿ ಹೆಚ್ಚಿದ್ರ ಅದು ರಜಾ ಹೆಂಗಾದೀತು? ಅಡಗಿಮನಿ ಬದಲಾತು ಅಷ್ಟೇ. ‘ನೀ ಬಿಡು, ನಾ ಮಾಡ್ತೀನಿ’ ಅಂತ ನಾ ಎದ್ದಿದ್ರ ಎಲ್ಲಾರೂ ಹೂಂ ಅಂತಿದ್ರು. ಆದ್ರ ನಾ ಏಳಲಿಲ್ಲ. ಮೂವತ್ತು ವರ್ಷದಿಂದ ನನಗೂ ಒಂದ್ ಕ್ಯಾಶುವಲ್ ಲೀವ್ ಸಿಕ್ಕಿಲ್ಲ. ಮಗನ್ನ ಕರದು, ನಾಳೆ ರಾತ್ರಿ ಅಡಗಿ ನಿಂದು ಅಂದೆ. ‘ಅಮ್ಮಾ, ನಿನಗ ಅಡಗಿ ಮಾಡೋದಂದ್ರ ಖುಷಿ ಅಲ್ಲೇನು?’ ಅಂದ. ‘ಖುಷಿ ಬ್ಯಾರೆ, ಪಾಳಿ ಬ್ಯಾರೆ’ ಅಂದೆ. ಸೊಸಿ ‘ಇರಲಿ ಬಿಡ್ರಿ ಅತ್ತೀ’ ಅಂದಳು, ಆದ್ರ ಮಾರಿ ಅರಳಿತ್ತು.

ಮರುದಿನ ಮಗ ಖಿಚಡಿ ಮಾಡಿದ. ಒಗ್ಗರಣಿ ಹಾಕಿದ್ದೇ ತಡ, ಮ್ಯಾಲಿನ ಹೊಗಿ ಅಲಾರಾಂ ಕಿವಿ ಕಿತ್ತು ಹೋಗೋ ಹಂಗ ಹೊಡಕೊಂಡ್ತು. ಯಜಮಾನ್ರು ತಾಟು ಬೀಸಿ ಹೊಗಿ ಓಡಿಸಿದ್ರು. ಆಮ್ಯಾಲ ಅವರಿಗೇ ಭಾಂಡೆ ತೊಳೆಯೋ ಪಾಳಿ ಬಂತು. (ಹೋಗೋರಿಗೆ ಒಂದ್ ಮಾತು: ಅಲ್ಲಿ ಕಾಜಿನ ಕರೆಂಟ್ ಒಲಿ ಇರ್ತಾವ, ನಮ್ಮ ಗುಂಡನ ತಳದ ಹಂಚು ಕೂಡೂದಿಲ್ಲ. ಸಪಾಟು ತಳದ್ದು ಒಯ್ರಿ, ಮಸಾಲಿ ಡಬ್ಬಿ ಮತ್ತ ಶೇಂಗಾ ಚಟ್ನಿಪುಡಿನೂ.)

ಇನ್ನೊಂದು. ಎಲ್ಲಾ ಸಾಮಾನು ಊರಿನ ದೊಡ್ಡ ಅಂಗಡಿಂದ ಕಾರು ತುಂಬಿಕೊಂಡು ಹೋಗೂದು ನನಗ ಸರಿ ಬರೂದಿಲ್ಲ. ಹಾಲು, ಬೆಣ್ಣಿ, ಬಟಾಟಿ ಆ ಹಳ್ಳಿ ಅಂಗಡ್ಯಾಗ ತಗೋಬೇಕು. ಆ ಕಡೆ ರಜಾದ ಮನಿ ಹೆಚ್ಚಾಗಿ, ಅಲ್ಲೇ ಹುಟ್ಟಿದ ಹುಡುಗರಿಗೆ ಮನಿ ಕೈಗೆಟಕಧಂಗ ಆಗ್ಯಾವ. ಅದಕ್ಕ 2023ರ ಏಪ್ರಿಲ್‌ದಿಂದ ಎರಡನೇ ಮನಿ ಇದ್ದವರ ತೆರಿಗಿ ಮ್ಯಾಲ 300% ತನಕ ಹೆಚ್ಚಿಗಿ ಹಾಕೋ ಅಧಿಕಾರ ಅಲ್ಲಿನ ಕೌನ್ಸಿಲ್‌ಗಳಿಗೆ ಕೊಟ್ಟಾರ. ರಜಾದ ಮನಿ ವ್ಯಾಪಾರ ಅನಿಸ್ಕೋಬೇಕಂದ್ರ ವರ್ಷಕ್ಕ 182 ದಿನ ಬಾಡಿಗಿ ಹೋಗಿರಬೇಕು. ಕೊಡಗು, ಚಿಕ್ಕಮಗಳೂರು ಕಡೆ ಹೋಂಸ್ಟೇ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬಂದು ಮಲಗಿ ಎದ್ದು ಹೋಗೋರಿಂದ ಊರಿಗೇನು ಉಳೀತು?

ಆ ಅಂಗಡ್ಯಾಗ ವೆಲ್ಷ್ ಕೇಕ್ ಅಂತ ಸಿಗ್ತದ, ಹಂಚಿನ ಮ್ಯಾಲ ಸುಟ್ಟ ಒಣದ್ರಾಕ್ಷಿ ಬಿಲ್ಲಿ. ಮೊಟ್ಟಿ ಹಾಕಿರ್ತಾರ ಅಂತ ನಾ ಮುಟ್ಟಲಿಲ್ಲ, ಮೊಮ್ಮಗಳು ಮೂರು ತಿಂದಳು. ಸಮುದ್ರದ ಪಾಚಿ ತಾಸುಗಟ್ಟಲೆ ಕುದಿಸಿ ಮಾಡಿದ ಲೇವರ್‌ಬ್ರೆಡ್ ನೋಡಿದೆ. ಹೆಸರಿಗಷ್ಟೇ ಬ್ರೆಡ್ಡು, ನೋಡಲಿಕ್ಕೆ ರಾಜಗಿರಿ ಪಲ್ಯೆ ಕರ್ರಗಾದ ಹಂಗ.

ರಸ್ತೆ ಮ್ಯಾಲ ದೊಡ್ಡ ಅಕ್ಷರದಾಗ ‘ಅರಾವ್’ ಅಂತ ಬರದಿರ್ತಾರ, ನಿಧಾನ ಅಂತ ಅರ್ಥ. ಇಂಗ್ಲಿಷ್ ಜೋಡಿಗೆ ವೆಲ್ಷ್ ಇರಲೇಬೇಕು ಅಲ್ಲಿ. 2021ರ ಜನಗಣತಿ ಪ್ರಕಾರ ಆ ಭಾಷಾ ಬಲ್ಲವರು 5.38 ಲಕ್ಷ ಮಂದಿ, ನೂರಕ್ಕ 18ರಷ್ಟೂ ಇಲ್ಲ. ಆದ್ರೂ ಅಂಗಡಿಯಾಕಿ ನನಗ ‘ದಿಯೋಲ್ಖ್’ ಅಂತ ಧನ್ಯವಾದ ಹೇಳೋದು ಕಲಿಸಿ, ನಾ ಮೂರು ಸಲ ತಪ್ಪಿದ್ರೂ ನಕ್ಕೋತ ತಿದ್ದಿದಳು. ನಾನೂ ಆಕಿಗೆ ‘ಬರ್ತೀನ್ರಿ’ ಅಂತ ಕಲಿಸಿ ಬಂದೆ.

ಬರೋ ವರ್ಷ ಮತ್ತ ಅದೇ ಕಡೆ ಹೋಗೂಣು ಅಂತ ಮಗ ಫೋನ್ ಮಾಡಿದ್ದ. ಲಾಡ್ಜ್ ಬುಕ್ ಮಾಡೋಕಿಂತ ಮೊದಲ ಅಡಗಿ ಪಾಳಿ ಚೀಟಿ ಬರದು ಕಳಸು ಅಂದೇನಿ. ಇನ್ನೂ ಬಂದಿಲ್ಲ.